ಮೈಲಾರ ಮಹಾದೇವಪ್ಪನವರ ಚರಿತ್ರೆ

ಸರಕಾರದ ಕಾಯಿದೆಯನ್ನು ಮೀರಿದವರೆಲ್ಲರೂ ಅಪರಾಧಿಗಳೋ ಎಂಬ ಪ್ರಶ್ನೆಯು ಹಳೆಯದು. ಕಾನಹೊಸಹಳ್ಳಿ, ಕೊಟ್ಟೂರು, ಹಡಗಲಿ ಸೀಮೆಯವರು ತುಂಗಭದ್ರೆಯನ್ನು ದಾಟಿ ಪಡುವಲಿಗೆ ಹೋದರೆ ಹಾವೇರಿ ನಾಡು ಸಿಕ್ಕುತ್ತದೆ. ಆ ನಾಡಿನ ಒಬ್ಬರ ಜೀವಿತವನ್ನು ವಿಚಾರಿಸಿದರೆ ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದೆಂಬದು ತಿಳಿಯುವದು.

ಮಹಾದೇವಪ್ಪನವರು 1911ನೇ ಇಸವಿ ಜೂನ್ 8ರಂದು ಬ್ಯಾಡಗಿ ತಾಲೂಕಿನ ಮೋಟೇಬೆನ್ನೂರಿನಲ್ಲಿ ಹುಟ್ಟಿದರು. ಎಳೆಯ ಪ್ರಾಯದಲ್ಲಿಯೇ ಖಾದಿಯ ಕೆಲಸದಲ್ಲಿ ಮನಸ್ಸಿಟ್ಟು, ಗಾಂಧಿಯವರ ಸಾಬರಮತಿ ಆಶ್ರಮವನ್ನು ಸೇರಿದರು.

ಆ ಕಾಲದಲ್ಲಿ ಉಪ್ಪಿನ ಮೇಲೆ ತೆರಿಗೆಯಿತ್ತು. ಸಮುದ್ರದ ದಡದಲ್ಲಿ ತಾನಾಗಿ ಹೆಪ್ಪುಗಟ್ಟಿದ ಉಪ್ಪನ್ನು ಒಂದು ಹಿಡಿ ತೆಗೆದುಕೊಂಡರೂ ಅದು 1882ರ ಕಾಯಿದೆಗೆ ವಿರೋಧವಾಗಿತ್ತು. ಅಂಬಲಿ ಕುಡಿಯುವ ಕೂಲಿಯವನಿಗೂ ಧನಿಕನಷ್ಟೇ ಉಪ್ಪು ಬೇಕಾದದರಿಂದ ಈ ಭಾರವು ಬಡವನ ಮೇಲೆಯೇ ಹೆಚ್ಚಾಗಿ ಬಿದ್ದಿತು. 1930ನೇ ಮಾರ್ಚ್ 12ರಂದು ಗಾಂಧಿಯವರು 78 ಮಂದಿ ಸಂಗಡಿಗರೊಂದಿಗೆ ದಾಂಡಿಗೆ ಹೊರಟರು. ಅವರಲ್ಲಿ ಕರ್ನಾಟಕದವರು ಮಹಾದೇವಪ್ಪನವರೊಬ್ಬರೇ, ಪ್ರಾಯವು ಹದಿನೆಂಟು. ಸುಮಾರು 240 ಮೈಲು ನಡೆದು ಹೋದ ಮೇಲೆ ಏಪ್ರಿಲ್ 6ರಂದು ಕಾಯಿದೆಯು ಮುರಿಯಲ್ಪಟ್ಟಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅದೇನಂದರೆ, ಗಾಂಧಿಯವರು ಹೊರಡುವ ಮುಂಚೆಯೇ ವೈಸರಾಯರಿಗೆ ಪತ್ರ ಬರೆದು ತಮ್ಮ ಉದ್ದೇಶವನ್ನು ತಿಳಿಸಿದ್ದರು. ಕನ್ನ ಹಾಕುವವನು ಮನೆಯ ಯಜಮಾನನಿಗೆ ಮೊದಲೇ ಹೇಳಿ ಕಳುಹಿಸುವದುಂಟೇ? ದಾರ್ಯಾವೆಷನ ಆಜ್ಞೆಯನ್ನು ಮೀರಿದ ದಾನಿಯೇಲನು ಸಹ ಕಿಟಕಿಯನ್ನು ಮುಚ್ಚಲಿಲ್ಲ. ಅಂದಿನ ದಂಡಸಂಹಿತೆಯ ಪ್ರಕಾರ ಕಳವೆಂದು ಎನಿಸಬೇಕಾದರೆ ಅಪ್ರಾಮಾಣಿಕ ಉದ್ದೇಶವು ಇರಬೇಕಾಗಿತ್ತು. ಉಪ್ಪಿನ ಕಾಯಿದೆಗಾದರೋ ಉದ್ದೇಶವೇ ಬೇಕಿರಲಿಲ್ಲ, ಕೈ ಉಪ್ಪನ್ನು ಮುಟ್ಟಿದರೆ ಸಾಕಾಗಿತ್ತು. ಆದರೂ ಸೆರೆಮನೆಯ ಬಾಗಲು ಇಬ್ಬರಿಗೂ ಒಂದೇ. ಮಹಾದೇವಪ್ಪನವರು ತಪ್ಪಿಸಿಕೊಳ್ಳದೆ ಆ ಶಿಕ್ಷೆಯನ್ನು ಅನುಭವಿಸಿದರು. ಅವರ ಪತ್ನಿ ಸಿದ್ಧಮ್ಮನವರೂ ತರುವಾಯ ಸೆರೆಗೆ ಹೋದರು. ಬಿಡುಗಡೆಯಾಗಿ ಬಂದ ಮೇಲೆ ಇವರು ಕೊರಡೂರಿನಲ್ಲಿ ಸೇವಾಶ್ರಮವನ್ನು ಸ್ಥಾಪಿಸಿ ಹಳ್ಳಿಗಳಲ್ಲಿ ದುಡಿದರು.

1942ನೇ ಆಗಸ್ಟಿನ ತರುವಾಯ ಚರಿತ್ರೆಯು ಬೇರೆಯಾಗುತ್ತದೆ. ಮಹಾದೇವಪ್ಪನವರೂ ಅವರ ಸಂಗಡಿಗರೂ ತಲೆಮರೆಸಿಕೊಂಡು, ರೈಲು ನಿಲ್ದಾಣಗಳ ಮೇಲೆಯೂ ಸರಕಾರಿ ಕಚೇರಿಗಳ ಮೇಲೆಯೂ ಬಿದ್ದರು. ಇದನ್ನು ಉಪ್ಪೆತ್ತಿದ ಕೆಲಸದ ಸಾಲಿನಲ್ಲಿ ಇಡಲು ನಮ್ಮ ಮನಸ್ಸು ಅಷ್ಟು ಸುಲಭವಾಗಿ ಒಪ್ಪುವದಿಲ್ಲ. ದಾಂಡಿಯಲ್ಲಿ ಹಗಲು ಇತ್ತು, ಜನರ ಕಣ್ಣು ಇತ್ತು, ಶಿಕ್ಷೆಗೆ ಒಡ್ಡಿದ ಬೆನ್ನು ಇತ್ತು. ಇಲ್ಲಿಯಾದರೋ ಮರೆಯೂ ಬೆಂಕಿಯೂ ಇದ್ದವು. ನಿಲ್ದಾಣವನ್ನು ಕಾಯುವ ಬಡ ನೌಕರನಿಗೆ ಹೆದರಿಕೆಯಾಗದೆ ಇರಲಾರದು. ಹಾಗಾದರೂ ಇವರನ್ನು ದರೋಡೆಗಾರರೆಂದು ಕರೆಯಲು ನಾಲಿಗೆ ಏಳುವದಿಲ್ಲ. ಯಾಕಂದರೆ ಇದು ತಮ್ಮ ಹೊಟ್ಟೆಗಾಗಿ ಮಾಡಿದ್ದಲ್ಲ.

ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿ, ರೈತರಿಂದ ವಸೂಲು ಮಾಡಿದ ಕಂದಾಯದ ಹಣವನ್ನು ವೀರಭದ್ರನ ಗುಡಿಯಲ್ಲಿ ಕಾವಲಿನೊಳಗೆ ಇಟ್ಟಿದ್ದರು. 1943ನೇ ಏಪ್ರಿಲ್ 1ರಂದು ಇವರು ಅಲ್ಲಿಗೆ ಹೋದಾಗ ಪೋಲೀಸರ ಗುಂಡಿಗೆ ಮಹಾದೇವಪ್ಪನವರೂ, ತಿರಕಪ್ಪ ಮಡಿವಾಳರೂ, ವೀರಯ್ಯ ಹಿರೇಮಠರೂ ಬಲಿಯಾದರು. ಮಹಾದೇವಪ್ಪನವರಿಗೆ ಇನ್ನೂ 32 ವರ್ಷ ತುಂಬಿರಲಿಲ್ಲ.

ಉಪ್ಪಿನ ತೆರಿಗೆಯು 1947ರಲ್ಲಿ ರದ್ದಾಯಿತು. 2018ರಲ್ಲಿ ಭಾರತ ಸರಕಾರದ ಟಪಾಲು ಖಾತೆಯು ಮಹಾದೇವಪ್ಪನವರ ಮುಖವನ್ನು ಅಂಚೆಚೀಟಿಯ ಮೇಲೆ ಅಚ್ಚುಹಾಕಿಸಿತು.