ಹಾಸಿಗೆ ಹಿಡಿದರೂ ಸೋಲದ ಅಮ್ಮ



ಗಟ್ಟಿಮುಟ್ಟಾಗಿ ಇರೋರು ಮಾತ್ರ ದೊಡ್ಡ ಕೆಲಸ ಮಾಡ್ತಾರೆ ಅಂತ ನಾವೆಲ್ಲ ತಿಳಿದಿದ್ದೇವೆ. ಕಬಡ್ಡಿಗೆ ಆಳು ಆರಿಸುವಾಗ ಸಣಕಲು ಹುಡುಗರನ್ನು ಕೊನೆಗೆ ಕರೆಯುತ್ತೇವೆ. ಆದರೆ ಜೀವಮಾನವೆಲ್ಲ ಕಾಯಿಲೆ ಅನುಭವಿಸಿ, ನೂರಾರು ಮಕ್ಕಳಿಗೆ ತಾಯಿಯಾದ ಒಬ್ಬರು ಇದ್ದರು. ಅವರೇ ಏಮಿ ಕಾರ್ಮೈಕಲ್.

ಏಮಿಯವರು 1867ರ ಡಿಸೆಂಬರ್ 16ರಂದು ಐರ್ಲೆಂಡ್ ದೇಶದ ಕಡಲತೀರದ ಒಂದು ಹಳ್ಳಿಯಲ್ಲಿ ಹುಟ್ಟಿದರು. ಏಳು ಮಕ್ಕಳಲ್ಲಿ ಇವರೇ ದೊಡ್ಡವರು. ಇವರ ಕಣ್ಣು ಕಂದು ಬಣ್ಣ. ಅಮ್ಮನ ಹಾಗೆ ನೀಲಿ ಕಣ್ಣು ಬೇಕೂಂತ ಚಿಕ್ಕವರಿದ್ದಾಗ ರಾತ್ರಿ ದೇವರನ್ನು ಬೇಡಿ ಮಲಗಿದರು. ಬೆಳಿಗ್ಗೆ ಎದ್ದು ಕನ್ನಡಿ ನೋಡಿದರೆ ಅದೇ ಕಂದು ಕಣ್ಣು! ಬಹಳ ಬೇಜಾರಾಯಿತು.

1885ರಲ್ಲಿ ತಂದೆ ತೀರಿಕೊಂಡರು. ಏಮಿಯವರಿಗೆ ನರದ ನೋವಿನ ಕಾಯಿಲೆ ಇತ್ತು. ನೋವು ಬಂದರೆ ವಾರಗಟ್ಟಲೆ ಮಲಗಿಬಿಡುತ್ತಿದ್ದರು. ಕ್ರಿಸ್ತನ ಸೇವೆಗೆ ಚೀನಾಕ್ಕೆ ಹೋಗಬೇಕೆಂದು ಹೊರಟಾಗ, ಈ ಆರೋಗ್ಯದಲ್ಲಿ ಆಗಲ್ಲ ಅಂತ ಬೇಡವೆಂದರು. 1893ರಲ್ಲಿ ಜಪಾನಿಗೆ ಹೋದರು. ಅಲ್ಲೂ ಕಾಯಿಲೆ ಬಿದ್ದು ಹೆಚ್ಚು ದಿನ ಇರಲಾಗಲಿಲ್ಲ. 1895ರಲ್ಲಿ ನಮ್ಮ ಬೆಂಗಳೂರಿಗೆ ಬಂದರು. ಬಂದ ಹೊಸದರಲ್ಲೇ ಜ್ವರ ಹಿಡಿಯಿತು! ಬೇರೆಯವರಾಗಿದ್ದರೆ ಊರಿಗೆ ವಾಪಸ್ ಹೋಗುತ್ತಿದ್ದರು. ಇವರು ತಮಿಳು ಕಲಿತು ತಿರುನೆಲ್ವೇಲಿ ಕಡೆಗೆ ಹೋದರು. ಆಮೇಲೆ ಸಾಯುವವರೆಗೂ ಸ್ವಂತ ದೇಶಕ್ಕೆ ಹೋಗಲೇ ಇಲ್ಲ.

ಆ ಕಾಲದಲ್ಲಿ ಕೆಲವು ಕಡೆ ಪುಟ್ಟ ಹೆಣ್ಣುಮಕ್ಕಳನ್ನು ದೇವಸ್ಥಾನಕ್ಕೆ ಬಿಡುತ್ತಿದ್ದರು. ದೇವರ ಹೆಸರು ಹೇಳಿ ಅವರ ಬಾಳು ಹಾಳು ಮಾಡುತ್ತಿದ್ದರು. 1901ರಲ್ಲಿ ಏಳು ವರ್ಷದ ಪ್ರೀನಾ ಎಂಬ ಹುಡುಗಿ ತಪ್ಪಿಸಿಕೊಂಡು ಇವರ ಬಳಿ ಬಂದಳು. ಮೊದಲೊಮ್ಮೆ ಓಡಿಹೋಗಿದ್ದಕ್ಕೆ ಅವಳ ಕೈಗೆ ಬರೆ ಹಾಕಿದ್ದರು. ಏಮಿಯವರು ಅವಳನ್ನು ಮಡಿಲಿಗೆ ಹಾಕಿಕೊಂಡರು. ಹೀಗೆ ದೋಹ್ನಾವೂರು ಎಂಬ ಹಳ್ಳಿಯಲ್ಲಿ ಮಕ್ಕಳ ಮನೆ ಬೆಳೆಯಿತು. ಮಕ್ಕಳೆಲ್ಲ ಇವರನ್ನು ಅಮ್ಮ ಅಂತಲೇ ಕರೆದರು. ಇವರು ಸೀರೆ ಉಟ್ಟು, ಮೈಬಣ್ಣ ಕಪ್ಪು ಮಾಡಿಕೊಂಡು ಜನರ ನಡುವೆ ಓಡಾಡುತ್ತಿದ್ದರು ಅಂತ ಹೇಳ್ತಾರೆ. ನೀಲಿ ಕಣ್ಣಿದ್ದರೆ ಗುಟ್ಟು ರಟ್ಟಾಗುತ್ತಿತ್ತು! ಬೇಡವೆಂದ ಕಂದು ಕಣ್ಣೇ ಕೆಲಸಕ್ಕೆ ಬಂತು ನೋಡಿ.

1931ರ ಅಕ್ಟೋಬರ್ 24ರಂದು ಸಂಜೆ ಕತ್ತಲಲ್ಲಿ ಒಂದು ಗುಂಡಿಗೆ ಬಿದ್ದು ಕಾಲು ಮುರಿಯಿತು. ಎಲ್ಲರೂ ಪ್ರಾರ್ಥನೆ ಮಾಡಿದರು. ಆದರೆ ವಾಸಿಯಾಗಲಿಲ್ಲ. ಆಗ ಅವರಿಗೆ 63 ವರ್ಷ. ಮುಂದಿನ ಸುಮಾರು 20 ವರ್ಷ ಹೆಚ್ಚಾಗಿ ಒಂದೇ ಕೋಣೆಯಲ್ಲಿ, ಹಾಸಿಗೆಯಲ್ಲಿ ಕಳೆದರು.

ಇಲ್ಲಿಗೆ ಕಥೆ ಮುಗೀತು ಅಂದುಕೊಂಡಿರಾ? ಇಲ್ಲ. ಕಾಯಿಲೆಯವರಿಗೆ ಸಮಾಧಾನ ಹೇಳೋ ಪುಸ್ತಕಗಳನ್ನು ಆರೋಗ್ಯವಾಗಿರೋರೇ ಬರೆಯುತ್ತಾರೆ, ಅದು ಮನಸ್ಸಿಗೆ ತಾಗುವುದಿಲ್ಲ ಅಂತ ಅವರಿಗೆ ಅನ್ನಿಸಿತು. ಅದಕ್ಕೇ ನೋವಿನಲ್ಲಿ ಮಲಗಿದ್ದವರೇ ನೋವಿನಲ್ಲಿರುವವರಿಗಾಗಿ ಬರೆದರು. ಆ ಪುಸ್ತಕ 1933ರಲ್ಲಿ ಬಂತು. ಮಲಗಿದಲ್ಲಿಂದಲೇ ಇನ್ನೂ ಅನೇಕ ಪುಸ್ತಕ ಬರೆದರು. ಓಡಾಡುತ್ತಿದ್ದಾಗ ಕೈಗೆ ಸಿಗದಷ್ಟು ದೂರದ ಜನರನ್ನು ಹಾಸಿಗೆಯಿಂದ ಮುಟ್ಟಿದರು.

ಬೈಬಲ್ಲಿನಲ್ಲಿ ಪೌಲ ಎಂಬ ಭಕ್ತರ ವಿಷಯ ಬರುತ್ತದೆ. ಅವರಿಗೆ ಮುಳ್ಳಿನಂತೆ ಚುಚ್ಚುವ ಒಂದು ಬಾಧೆ ಇತ್ತು. ತೆಗೆದುಬಿಡು ಅಂತ ಮೂರು ಸಲ ಬೇಡಿದರು. ದೇವರು ತೆಗೆಯಲಿಲ್ಲ, ಬಲಹೀನತೆಯಲ್ಲೇ ತನ್ನ ಬಲ ಪೂರ್ತಿಯಾಗುತ್ತದೆ ಎಂದು ತಿಳಿಸಿದರು. ಏಮಿಯವರು ನಂಬಿದ್ದೂ ಇದನ್ನೇ. ನೋವು ಒಳ್ಳೆಯದು ಅಂತಲ್ಲ. ನೋವಿದ್ದರೂ ದೇವರು ಕೈಬಿಡುವುದಿಲ್ಲ ಅಂತ.

1951ರ ಜನವರಿ 18ರಂದು ಅವರು ತೀರಿಕೊಂಡರು. ತಮ್ಮ ಸಮಾಧಿಗೆ ಕಲ್ಲು ಬೇಡವೆಂದಿದ್ದರು. ಮಕ್ಕಳು ಅಲ್ಲಿ ಹಕ್ಕಿಗಳು ನೀರು ಕುಡಿಯಲು ಒಂದು ತೊಟ್ಟಿ ಇಟ್ಟರು. ಅದರ ಮೇಲೆ ಇರುವುದು ಅಮ್ಮ ಎಂಬ ಒಂದೇ ಮಾತು.

ಗೆಳೆಯರೇ, ನನ್ನ ಕೈಲಿ ಏನೂ ಆಗಲ್ಲ ಅಂತ ಅನ್ನಿಸಿದ ದಿನ ಈ ಅಮ್ಮನನ್ನು ನೆನೆಯೋಣ. ನಮ್ಮ ತರಗತಿಯಲ್ಲಿ ಹಿಂದೆ ಉಳಿದವರನ್ನು ಕೀಳಾಗಿ ನೋಡದಿರೋಣ. ಯಾರ ಬಲ ಎಲ್ಲಿದೆಯೋ ದೇವರಿಗೇ ಗೊತ್ತು.