ಕೊಲ್ಹಾಪುರದ ಶಾಹೂ ಮಹಾರಾಜರ ಶಿಕ್ಷಣ ನೀತಿ

ಛತ್ರಪತಿ ಶಾಹೂ ಮಹಾರಾಜರು 1874ರಲ್ಲಿ ಕಾಗಲದ ಘಾಟಗೆ ಮನೆತನದಲ್ಲಿ ಜನಿಸಿದರು. ಹುಟ್ಟುಹೆಸರು ಯಶವಂತರಾವ್. 1884ರಲ್ಲಿ ಕೊಲ್ಹಾಪುರದ ಗಾದಿಗೆ ದತ್ತಕರಾಗಿ ಬಂದ ಮೇಲೆ ರಾಜಕೋಟ್‌ನಲ್ಲಿಯೂ ಅನಂತರ ಧಾರವಾಡದಲ್ಲಿಯೂ ವ್ಯಾಸಂಗ ಮಾಡಿದರು. ಅವರ ಸಂಸ್ಥಾನದಲ್ಲಿ ಗಡಹಿಂಗ್ಲಜ, ರಾಯಬಾಗಗಳಂತಹ ಕನ್ನಡ ಮಾತನಾಡುವ ಪ್ರದೇಶಗಳೂ ಇದ್ದವು; ರಾಯಬಾಗ ಇಂದು ಬೆಳಗಾವಿ ಜಿಲ್ಲೆಯಲ್ಲಿದೆ.

1894ರ ಏಪ್ರಿಲ್ 2ರಂದು ಅಧಿಕಾರ ವಹಿಸಿಕೊಂಡಾಗ ಇಪ್ಪತ್ತು ವರ್ಷವೂ ತುಂಬದ ಈ ಅರಸರ ಮುಂದೆ ನಿಂತದ್ದು ಒಂದು ಲೆಕ್ಕ. ಸಾಮಾನ್ಯ ಆಡಳಿತದ 71 ಹುದ್ದೆಗಳಲ್ಲಿ 60 ಬ್ರಾಹ್ಮಣರ ಕೈಯಲ್ಲಿದ್ದವು. 500 ಗುಮಾಸ್ತರಲ್ಲಿ ಬ್ರಾಹ್ಮಣೇತರರು 10 ಮಂದಿ ಮಾತ್ರ. ಶಾಲೆಗಳು ಎಷ್ಟಿವೆ ಎಂಬ ಎಣಿಕೆಯಿಂದ ಇದು ತಿಳಿಯುವಂತಿರಲಿಲ್ಲ. ವಿದ್ಯೆ ಯಾರ ಮನೆಯವರೆಗೆ ತಲುಪಿದೆ ಎಂಬುದನ್ನು ಕಚೇರಿಯ ಹಾಜರಿ ಪಟ್ಟಿ ಹೇಳುತ್ತಿತ್ತು.

ಮೊದಲ ಪ್ರಯತ್ನ ಫಲಿಸಲಿಲ್ಲ. 1896ರಲ್ಲಿ ಎಲ್ಲ ಜಾತಿಯ ವಿದ್ಯಾರ್ಥಿಗಳಿಗೆಂದು ತೆರೆದ ವಸತಿಗೃಹವು ಕೆಲವೇ ವರ್ಷಗಳಲ್ಲಿ ಬಹುಮಟ್ಟಿಗೆ ಬ್ರಾಹ್ಮಣ ಬಾಲಕರದೇ ಆಯಿತು. ಬಾಗಿಲು ಎಲ್ಲರಿಗೂ ತೆರೆದಿದ್ದರೂ ಒಳಗೆ ಬರಬಲ್ಲವರು ಕೆಲವರೇ ಆಗಿದ್ದರು. ಈ ಅನುಭವದ ಬಳಿಕ ಮಹಾರಾಜರು ಒಂದೊಂದು ಸಮುದಾಯಕ್ಕೂ ಪ್ರತ್ಯೇಕ ವಸತಿಗೃಹದ ದಾರಿ ಹಿಡಿದರು: 1901ರಲ್ಲಿ ಮರಾಠ ಮತ್ತು ಜೈನ, 1906ರಲ್ಲಿ ಮುಸ್ಲಿಂ, 1907ರಲ್ಲಿ ವೀರಶೈವ ಲಿಂಗಾಯತ, 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗಾಗಿ ಮಿಸ್ ಕ್ಲಾರ್ಕ್ ವಸತಿಗೃಹ. ಜಾತಿಯನ್ನು ಅಳಿಸಬೇಕೆಂದವರೇ ಜಾತಿವಾರು ವಸತಿಗೃಹ ಕಟ್ಟಿದರೆಂಬ ಆಕ್ಷೇಪ ನಿರಾಧಾರವಲ್ಲ. ಆದರೆ ಹಳ್ಳಿಯಿಂದ ಬಂದ ಹುಡುಗನಿಗೆ ಪೇಟೆಯಲ್ಲಿ ಅನ್ನವೂ ಆಸರೆಯೂ ದೊರೆಯದಿದ್ದರೆ ಶಾಲೆಯ ಪ್ರವೇಶದಿಂದ ಏನು ಪ್ರಯೋಜನ?

1902ರ ಜುಲೈ 26ರ ಆಜ್ಞೆ ಪ್ರಸಿದ್ಧವಾದುದು. ಅದು ತೆರವಾಗುವ ಹುದ್ದೆಗಳಲ್ಲಿ ಶೇಕಡ 50ನ್ನು ಹಿಂದುಳಿದ ವರ್ಗಗಳಿಗೆ ಮೀಸಲಿಟ್ಟಿತು. ಅದರ ಇನ್ನೊಂದು ಅಂಶವನ್ನು ಓದುಗರು ಅಷ್ಟಾಗಿ ಗಮನಿಸುವುದಿಲ್ಲ: ಆಜ್ಞೆಯ ನಂತರದ ನೇಮಕಗಳ ಪಟ್ಟಿಯನ್ನು ಪ್ರತಿಯೊಂದು ಇಲಾಖೆಯ ಮುಖ್ಯಸ್ಥರೂ ಮೂರು ತಿಂಗಳಿಗೊಮ್ಮೆ ಸಲ್ಲಿಸಬೇಕಾಗಿತ್ತು. ಆಜ್ಞೆ ಕಾಗದದಲ್ಲೇ ಉಳಿಯಬಾರದೆಂಬ ಎಚ್ಚರ ಇಲ್ಲಿ ಕಾಣುತ್ತದೆ. 1912ರ ವೇಳೆಗೆ 95 ಹುದ್ದೆಗಳಲ್ಲಿ ಬ್ರಾಹ್ಮಣ ಅಧಿಕಾರಿಗಳ ಸಂಖ್ಯೆ 35ಕ್ಕೆ ಇಳಿದಿತ್ತು.

ಹುದ್ದೆಗೆ ಮೊದಲು ಅಕ್ಷರ ಬೇಕು. ಬರೋಡೆಯ ಸಯಾಜಿರಾವ್ ಗಾಯಕವಾಡರು 1906ರಲ್ಲಿಯೇ ಕಡ್ಡಾಯ ಶಿಕ್ಷಣವನ್ನು ತಮ್ಮ ಸಂಸ್ಥಾನವಿಡೀ ಜಾರಿಗೆ ತಂದಿದ್ದರು. ಗೋಖಲೆಯವರು ಬ್ರಿಟಿಷ್ ಭಾರತಕ್ಕಾಗಿ 1911ರಲ್ಲಿ ಮಂಡಿಸಿದ ಮಸೂದೆ ಬಿದ್ದುಹೋಗಿತ್ತು. ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವಾಗಿಯೂ ಕಡ್ಡಾಯವಾಗಿಯೂ ಮಾಡಿದರು. ಮಗುವನ್ನು ಶಾಲೆಗೆ ಕಳುಹಿಸದ ಪಾಲಕರಿಗೆ ತಿಂಗಳಿಗೆ ಒಂದು ರೂಪಾಯಿ ದಂಡ. ಬಡ ರೈತನಿಗೆ ಅದು ಸಣ್ಣ ಮೊತ್ತವಾಗಿರಲಿಲ್ಲ. 1919ರಲ್ಲಿ ಅಸ್ಪೃಶ್ಯ ಮಕ್ಕಳ ಪ್ರತ್ಯೇಕ ಶಾಲೆಗಳನ್ನು ಮುಚ್ಚಿ, ಅವರನ್ನು ಸಾಮಾನ್ಯ ಶಾಲೆಗಳಲ್ಲಿ ಸಹಪಾಠಿಗಳೊಂದಿಗೇ ಕೂರಿಸುವಂತೆ ಆಜ್ಞಾಪಿಸಿದರು. ವಸತಿಗೃಹದಲ್ಲಿ ಒಪ್ಪಿಕೊಂಡ ಪ್ರತ್ಯೇಕತೆಯನ್ನು ಅವರು ತರಗತಿಯಲ್ಲಿ ಒಪ್ಪಲಿಲ್ಲ.

ಕಡ್ಡಾಯ ಶಿಕ್ಷಣದ ಶಾಲೆಗಳು 1917-18ರಲ್ಲಿ 27 ಇದ್ದವು, ವಿದ್ಯಾರ್ಥಿಗಳು 1,296. 1921-22ರ ವೇಳೆಗೆ ಶಾಲೆಗಳು 420, ವಿದ್ಯಾರ್ಥಿಗಳು 22,007. ದಾಖಲಾದವರಲ್ಲಿ ಎಷ್ಟು ಮಂದಿ ಓದು ಮುಗಿಸಿದರೆಂಬುದು ಈ ಅಂಕಿಗಳಲ್ಲಿಲ್ಲ; ಹಾಗಿದ್ದರೂ ನಾಲ್ಕೇ ವರ್ಷಗಳಲ್ಲಿ ಇಂಥ ವಿಸ್ತಾರ ಅಸಾಮಾನ್ಯವೇ ಸರಿ. 1922ರ ಮೇ 6ರಂದು ಮಹಾರಾಜರು ಮುಂಬಯಿಯಲ್ಲಿ ನಿಧನರಾದರು. ಆಗ ಅವರಿಗೆ 47 ವರ್ಷ.