ಕೊಟ್ಟ ಮಾತಿಗೆ ತೆತ್ತ ಬೆಲೆ

ಟೊಯೊಟಾ ಕಾರು ಅರ್ಧದಾರಿಯಲ್ಲಿ ಕೈಕೊಡದೆಂಬ ನಂಬಿಕೆ ಚಾಲಕರಲ್ಲಿ ದೃಢವಾಗಿದೆ. ಆ ಕೀರ್ತಿಗೆ ಅಡಿಪಾಯ ಹಾಕಿದ ಕೀಚಿರೊ ಟೊಯೊಡಾ ಅದನ್ನು ಕಾಣಲೇ ಇಲ್ಲ.

ಮಗ್ಗದ ಸಂಶೋಧಕ ಸಕಿಚಿಯವರ ಪುತ್ರನಾಗಿ 1894ರಲ್ಲಿ ಜನಿಸಿದ ಅವರು 1937ರಲ್ಲಿ ಮೋಟಾರು ಕಂಪನಿ ಸ್ಥಾಪಿಸಿದರು. ಬಿಡಿಭಾಗಗಳು ಬೇಕಾದ ಹೊತ್ತಿಗೆ, ಬೇಕಾದಷ್ಟೇ ಒದಗಬೇಕೆಂಬುದು ಅವರ ಸೂತ್ರ. ನಮ್ಮ ಬಿಡದಿಯ ಕಾರ್ಖಾನೆಯೂ ಅದನ್ನೇ ಅನುಸರಿಸುತ್ತಿದೆ.

ಮಹಾಯುದ್ಧಾನಂತರದ ಮುಗ್ಗಟ್ಟಿನಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲವೆಂದು ಅವರು ಕಾರ್ಮಿಕರಿಗೆ ಮಾತು ಕೊಟ್ಟಿದ್ದರು. ಸಾಲದ ಹೊರೆಯಿಂದಾಗಿ ಅದನ್ನು ಉಳಿಸಿಕೊಳ್ಳಲಾಗಲಿಲ್ಲ. ಮುಷ್ಕರದ ನಡುವೆ, 1950ರ ಜೂನ್‌ನಲ್ಲಿ, ಹೊಣೆ ಹೊತ್ತು ಅಧ್ಯಕ್ಷ ಪದವಿ ತ್ಯಜಿಸಿದರು. ಅದೇ ತಿಂಗಳು ಕೊರಿಯಾ ಯುದ್ಧ ಆರಂಭವಾಗಿ ಕಂಪನಿಯ ಟ್ರಕ್ಕುಗಳಿಗೆ ಬೇಡಿಕೆ ಕುದುರಿತು. ಮರಳಿ ಅಧಿಕಾರ ವಹಿಸಿಕೊಳ್ಳುವ ಮುನ್ನವೇ, 1952ರಲ್ಲಿ, 57ರ ವಯಸ್ಸಿನಲ್ಲಿ ನಿಧನರಾದರು.

ನೌಕರರು ಬೀದಿಗೆ ಬಿದ್ದಾಗ ಒಡೆಯನೂ ಕುರ್ಚಿ ಬಿಡಬೇಕೆಂಬ ಆ ನೀತಿ ಇಂದಿನ ಉದ್ಯಮಪತಿಗಳಿಗೆ ಪಾಠವಾಗಬೇಕು.